ಗುರುಬಾಯಿ ಮೂರು ಸಲ ಹೇಳಿದ ಮಾತು

2018ರಲ್ಲಿ ನಾನು ಮಹಾರಾಷ್ಟ್ರದ ಗಡಿಯೂರು ಉಮರ್ಗಾ ಹತ್ತಿರ ಹೆದ್ದಾರಿಯ ಮೇಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಜನರಲ್ ಸರ್ಜನ್ ಆಗಿದ್ದೆ. ಮೂವತ್ತು ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ಒಂದು ಎಕ್ಸ್-ರೇ ಯಂತ್ರ, ವಾರಕ್ಕೆ ಒಂದೇ ದಿನ ಸ್ಕ್ಯಾನಿಂಗಿಗೆ ಬರುವ ಸೋನೋಗ್ರಫಿ ಡಾಕ್ಟರು. ಐಸಿಯು ಇರಲಿಲ್ಲ. ಸರ್ಜನ್ ಅಂತ ಇದ್ದವಳು ನಾನೊಬ್ಬಳೇ. ಹೊಸದಾಗಿ ಬಂದ ಪೇಷಂಟುಗಳು ‘ಸರ್ಜನ್ ಸಾಹೇಬರು ಎಲ್ಲಿ’ ಎಂದು ನನ್ನನ್ನೇ ಕೇಳುತ್ತಿದ್ದರು. ಒಳಗೆ ಕೂತಿದ್ದಾರೆ ಎಂದು ಹೇಳಿ, ಒಳಗೆ ಹೋಗಿ ಕೂತು, ಅವರನ್ನು ಕರೆಸುತ್ತಿದ್ದೆ.

ನಾನು ಉದಗೀರದವಳು. ಅಪ್ಪನದು ಬಟ್ಟೆ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಮರಾಠಿ, ಮುಸಲ್ಮಾನ ಗಿರಾಕಿ ಬಂದರೆ ಉರ್ದು, ಹೀಗೆ ಬೆಳೆದೆ. ಎಂ.ಎಸ್. ಓದುವಾಗ ನನ್ನ ಮರಾಠಿಯಲ್ಲಿ ಕನ್ನಡದ ರಾಗ ಇದೆ ಎಂದು ಜತೆಯವರು ಅಣಕಿಸುತ್ತಿದ್ದರು. ಮೂರು ವರ್ಷ ಕಚ್ಚಿ ಹಿಡಿದು ಆ ರಾಗವನ್ನು ಕಿತ್ತು ಹಾಕಿದೆ. ಆಮೇಲೆ ಕನ್ನಡ ನನಗೆ ಮನೆಯ ಚಪ್ಪಲಿಯಂತಾಯಿತು, ಆಸ್ಪತ್ರೆಯ ಮೆಟ್ಟಿಲಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಈಗ ಹೇಳಿಬಿಡುವುದೇ ಒಳ್ಳೆಯದು.

ಒಂದು ಸೋಮವಾರ ಗುರುಬಾಯಿ ಬಂದರು. ವಯಸ್ಸು ಅರವತ್ತೆಂಟು, ತುರೋರಿ ಪಕ್ಕದ ಹಳ್ಳಿ. ಗಂಡ ಹೋಗಿ ಹದಿನೈದು ವರ್ಷವಾದರೂ ಹೊಲದ ಯಜಮಾನಿಕೆ ಅವರದೇ. ಕಟ್ಟಿದ ಎರಡು ದೇವಣಿ ತಳಿಯ ಆಕಳುಗಳ ಹಾಲು ಹಿಂಡುವುದನ್ನು ಇನ್ನೊಬ್ಬರ ಕೈಗೆ ಬಿಟ್ಟವರಲ್ಲ. ಜತೆಗೆ ಮಗ ಶಿವರಾಜ. ಅವರನ್ನು ಮೊದಲು ನೋಡಿದವರು ನಮ್ಮ ಡ್ಯೂಟಿ ಡಾಕ್ಟರ್ ಸಾವಂತ್. ಕೊಂಕಣದ ಕಡೆಯವರು, ನಲವತ್ತು ದಾಟಿದ ಸಜ್ಜನ, ನಮ್ಮಲ್ಲಿಗೆ ಬಂದು ಆರು ತಿಂಗಳಾಗಿತ್ತು. ಕನ್ನಡದ ಒಂದಕ್ಷರವೂ ಅವರಿಗೆ ಬರುತ್ತಿರಲಿಲ್ಲ.

ಕೇಸ್ ಪೇಪರ್ ಎಂದರೆ ರೋಗಿಯ ಹೆಸರು, ವಯಸ್ಸು, ತಕರಾರು, ತಪಾಸಣೆ ಬರೆಯುವ ಹಾಳೆ. ಅದರ ಮೊದಲ ಸಾಲು ರೋಗಿಯ ತಕರಾರಿನದು, ಅಂದರೆ ಏನಾಗುತ್ತಿದೆ ಎಂದು ರೋಗಿ ಹೇಳಿದ್ದು. ಗುರುಬಾಯಿ ಸೀರೆಯ ಮೇಲೆಯೇ ಕೈಯಿಟ್ಟು ತೋರಿಸಿ ಹೇಳಿದ್ದನ್ನು ಸಾವಂತ್ ಅಲ್ಲಿ ‘ಬಲಗಡೆ ಕೆಳಗೆ ನೋವು, ಸೌಮ್ಯ’ ಎಂದು ಇಂಗ್ಲಿಷಿನಲ್ಲಿ ಬರೆದರು. ಹೊಟ್ಟೆ ಒತ್ತಿ ನೋಡಿದರು, ಮೆತ್ತಗಿತ್ತು. ಎಸಿಡಿಟಿ ಗುಳಿಗೆ ಕೊಟ್ಟು ಕಳಿಸಿದರು.

ಬುಧವಾರ ಗುರುಬಾಯಿ ತಿರುಗಿ ಬಂದರು. ಬಲಗಡೆ ಕೆಳಗೆ ನೋವು ಅಂದರೆ ಯಾವ ಡಾಕ್ಟರಿಗೂ ಮೊದಲು ನೆನಪಾಗುವುದು ಅಪೆಂಡಿಕ್ಸ್, ದೊಡ್ಡ ಕರುಳಿನ ಮೊದಲಿಗೆ ಜೋತಾಡುವ ಬೆರಳಿನಂಥ ತುಂಡು. ಅದು ಬಾತರೆ ಅಪೆಂಡಿಸೈಟಿಸ್. ಸಾವಂತ್ ಗುರುಬಾಯಿಯನ್ನು ನನ್ನ ಕಡೆ ಕಳಿಸಿದರು. ಜ್ವರ ನೂರು ಡಿಗ್ರಿ. ರಕ್ತದಲ್ಲಿ ಬಿಳಿ ಕಣ ಹನ್ನೆರಡು ಸಾವಿರದ ನಾನೂರು, ಅಂದರೆ ಎಲ್ಲೋ ಸೋಂಕಿದೆ. ಅಂದು ಸೋನೋಗ್ರಫಿಯ ದಿನವಾಗಿತ್ತು, ಹೊಟ್ಟೆಯದು ಮಾಡಿಸಿದೆ. ‘ಅಪೆಂಡಿಕ್ಸ್ ಕಾಣಲಿಲ್ಲ’ ಎಂದು ವರದಿ ಬಂತು. ಹೊಟ್ಟೆ ಒತ್ತಿದರೆ ಮತ್ತೆ ಮೆತ್ತಗೇ. ಹೊರಗೆ ನಲವತ್ತು ಜನರ ಸಾಲು. ಗುರುಬಾಯಿ ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ನಾನೂ ಬಿಡಿಸಲಿಲ್ಲ.

“ಖೂಪ ದುಖತಂಯ ಕಾ?” ಬಹಳ ನೋಯುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ “ಥೋಡೀ ದುಖತೇ” ಎಂದರು. ನನಗೆ ಕೇಳಿಸಿದ್ದು ಹಾಗೆ. ಥೋಡೀ ಅಂದರೆ ಮರಾಠಿಯಲ್ಲಿ ಸ್ವಲ್ಪ.

ಅಪೆಂಡಿಸೈಟಿಸಿಗೆ ಈಗ ಎರಡು ದಾರಿಗಳಿವೆ. ಒಂದು, ತೆಗೆದುಹಾಕುವುದು. ಅದನ್ನು ಹೊಟ್ಟೆಯ ಬಲಗಡೆ ಸಣ್ಣಗೆ ಕೊಯ್ದಾದರೂ ಮಾಡಬಹುದು, ಮೂರು ತೂತು ಮಾಡಿ ದುರ್ಬೀನು ಇಳಿಸಿ ಲ್ಯಾಪರೋಸ್ಕೋಪಿಯಿಂದಾದರೂ ಮಾಡಬಹುದು. ಇನ್ನೊಂದು, ರೋಗ ಇನ್ನೂ ಎಳೆಯದಾಗಿದ್ದು, ಒಡೆದಿಲ್ಲ, ಕೀವಿಲ್ಲ ಎಂದು ಖಾತ್ರಿಯಾದರೆ ಆಂಟಿಬಯೋಟಿಕ್ ಕೊಟ್ಟು ಕಾಯುವುದು. ಎರಡನೆಯದರಲ್ಲಿ ಕೆಲವರಿಗೆ ಮುಂದೆ ಮತ್ತೆ ಬರುತ್ತದೆ, ಆಪರೇಷನ್ ಬೇಕೇ ಆಗುತ್ತದೆ. ನೋವು ಸ್ವಲ್ಪ, ಹೊಟ್ಟೆ ಮೆತ್ತಗೆ, ಖಾತ್ರಿ ಇಲ್ಲದ ಕಾಯಿಲೆ. ನಾನು ಆಂಟಿಬಯೋಟಿಕ್ ಬರೆದು, ಎರಡು ದಿನ ಬಿಟ್ಟು ಬನ್ನಿ ಎಂದೆ. ಕಾಗದದ ಮೇಲೆ ನೋಡಿದರೆ ಯಾರೂ ತಪ್ಪು ತೆಗೆಯಲಾರದ ತೀರ್ಮಾನ. ಕೆಳಗೆ ನನ್ನದೇ ಸಹಿ ಇದೆ.

ಶುಕ್ರವಾರ ಬೆಳಿಗ್ಗೆ ಹತ್ತೂವರೆ ಇರಬೇಕು. ವಾರ್ಡ್ ಮುಗಿಸಿ ಹೊರರೋಗಿಗಳ ಕೋಣೆಯ ಮುಂದೆ ಹಾದು ಹೋಗುತ್ತಿದ್ದೆ. ಒಳಗೆ ಗುರುಬಾಯಿ ಮತ್ತು ಸಾವಂತ್ ವಾದಕ್ಕೆ ನಿಂತಿದ್ದರು.

“ಸಾಹೇಬ, ತೊಡಿ ದುಖತೀ.”

“ಥೋಡೀ ದುಖತೇ ನಾ ಆಜೀ? ಮಗ ಘಾಬರೂ ನಕಾ.” ಸ್ವಲ್ಪ ತಾನೇ ಅಜ್ಜಿ, ಹಾಗಾದರೆ ಹೆದರಬೇಡಿ ಎಂದು ಸಾವಂತ್ ಸಮಾಧಾನ ಮಾಡುತ್ತಿದ್ದರು.

“ಲಯಿ ದುಖತೀ ಸಾಹೇಬ. ತೊಡಿ ಲಯಿ ದುಖತೀ.”

ಲಯಿ ಅಂದರೆ ಬಹಳ. ಸ್ವಲ್ಪ ಬಹಳ ನೋಯುತ್ತದೆ ಎಂದರೆ ಏನು ಬರೆಯಬೇಕು? ಸಾವಂತ್ ಪೆನ್ನು ಎತ್ತಿ, “ಲಯಿ ಕೀ ಥೋಡೀ, ಏಕ ಠರವಾ ಆಜೀ” ಎಂದರು. ಎರಡರಲ್ಲಿ ಒಂದು ಹೇಳಿ ಎಂದು. ಸಾಲಿನಲ್ಲಿದ್ದ ಜನ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎರಡು ಹೆಜ್ಜೆ ಮುಂದೆ ಹೋದವಳು ಅಲ್ಲೇ ನಿಂತೆ.

ತೊಡಿ. ನಮ್ಮ ಮನೆಯಲ್ಲಿ ಅವ್ವ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಮೊಮ್ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದ ತೊಡಿ. ಈ ಮುದುಕಿ ಸ್ವಲ್ಪ ನೋಯುತ್ತದೆ ಎನ್ನುತ್ತಿಲ್ಲ, ತೊಡೆ ನೋಯುತ್ತದೆ ಎನ್ನುತ್ತಿದ್ದಾಳೆ. ಮೂರನೆಯ ಸಲ ಎನ್ನುತ್ತಿದ್ದಾಳೆ.

ನಮ್ಮ ಕಡೆಯವರ ಮರಾಠಿ ಸಂತೆಯ ಮರಾಠಿ. ಜೋಳ, ದರ, ಬಸ್ಸು, ಎತ್ತಿನ ಹಲ್ಲು, ಇದಕ್ಕೆಲ್ಲ ಗುರುಬಾಯಿಯ ಹತ್ತಿರ ಮರಾಠಿ ಇತ್ತು. ತೊಡೆಗೆ ಇರಲಿಲ್ಲ. ಯಾಕಿರಬೇಕು? ತೊಡೆಯ ಮಾತನ್ನು ಯಾವ ಹೆಣ್ಣುಮಗಳು ಸಂತೆಯಲ್ಲಿ ಆಡುತ್ತಾಳೆ? ದವಾಖಾನೆಯಲ್ಲಿ ಮರಾಠಿಯೇ ಆಡಬೇಕು ಎಂದು ತಿಳಿದಿದ್ದ ಆಕೆ, ಗೊತ್ತಿಲ್ಲದ ಕಡೆ ತನ್ನ ಮಾತನ್ನೇ ಹಾಕಿ ವಾಕ್ಯ ಮುಗಿಸಿದ್ದರು. ಮಗನನ್ನು ಹೊರಗೆ ನಿಲ್ಲಿಸಿ, ಗಂಡಸು ಡಾಕ್ಟರ ಎದುರು, ನಾಚಿಕೆ ಮುರಿದು ಆಡಿದ ಒಂದೇ ಮಾತು ಅದು. ಅದನ್ನು ನಾವು ‘ಸೌಮ್ಯ’ ಎಂದು ಬರೆದುಕೊಂಡಿದ್ದೆವು. ಸಾವಂತರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಪರದೆ ಎಳೆದು ಅವರ ಪಕ್ಕದಲ್ಲಿ ಕೂತೆ. “ಯವ್ವಾ, ಯಾ ತೊಡಿ? ಎಲ್ಲಿ ನೂಸ್ತದ, ನನಗ ತೋರಸ್ರಿ” ಎಂದೆ.

ಗುರುಬಾಯಿ ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ಬರುತ್ತದೇನೋ ಅಂದುಕೊಂಡೆ. ಬಂದದ್ದು ಸಿಟ್ಟು.

“ನಿನಗ ಕನ್ನಡ ಬರ್ತಿತ್ತು? ಮತ್ತ ಮೊನ್ನಿ ಯಾಕ ಬಾಯಿ ಮುಚ್ಕೊಂಡ ಕುಂತಿದ್ದಿ?”

ಅವರನ್ನು ಮೆಲ್ಲಗೆ ಮಲಗಿಸಿದೆ.

ನಿರಿಗೆ ಬಿಡಿಸಿದೆ. ಬಲ ತೊಡೆಯ ಸಂದಿಯ ಕೆಳಗೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು. ಮೇಲಿನ ಚರ್ಮ ಕೆಂಪಾಗಿತ್ತು, ಬೆರಳು ತಾಗಿಸಿದರೆ ಬಿಸಿ. ಕೆಮ್ಮಿಸಿದರೆ ಅಲುಗಲಿಲ್ಲ, ಒತ್ತಿದರೆ ಒಳಗೆ ಹೋಗಲಿಲ್ಲ. ಜ್ವರ ನೂರೆರಡು, ನಾಡಿ ನಿಮಿಷಕ್ಕೆ ನೂರ ಹನ್ನೆರಡು. ಎಷ್ಟು ದಿನದ ಗಂಟು ಎಂದು ಕೇಳಿದೆ.

“ಸಣ್ಣದ ಮೊದಲಿಂದ ಅದ. ಹಾಲ್ ಹಿಂಡ್ಲಾಕ ಕುಂತ್ರ ಬರ್ತದ, ಮಲಗಿದ್ರ ಹೋಗ್ತದ. ಐತವಾರದಿಂದ ಹೋಗವಲ್ದು.”

ಇದು ಫೆಮೋರಲ್ ಹರ್ನಿಯಾ. ಹರ್ನಿಯಾ ಎಂದರೆ ಹೊಟ್ಟೆಯ ಗೋಡೆ ಸಡಿಲಾದ ಜಾಗದಿಂದ ಒಳಗಿನದು ಹೊರಗೆ ನುಗ್ಗುವುದು. ಗಂಡಸರಲ್ಲಿ ಹೆಚ್ಚಾಗಿ ತೊಡೆಸಂದಿಯ ಗೆರೆಯ ಮೇಲೆ ಕಾಣುತ್ತದೆ. ಫೆಮೋರಲ್ ಬರುವುದು ಗೆರೆಯ ಕೆಳಗೆ, ತೊಡೆಯೊಳಗೆ, ವಯಸ್ಸಾದ ಹೆಂಗಸರಲ್ಲೇ ಜಾಸ್ತಿ. ದಾರಿ ಬಹಳ ಇಕ್ಕಟ್ಟು, ನುಗ್ಗಿದ್ದು ಸಿಕ್ಕಿಕೊಳ್ಳುತ್ತದೆ, ರಕ್ತ ನಿಲ್ಲುತ್ತದೆ, ಸಾಯುತ್ತದೆ. ಪಟ್ಟಿ ಕಟ್ಟಿ ಕಾಯುವ ಕಾಯಿಲೆ ಇದಲ್ಲ. ಮೊದಲೇ ಗೊತ್ತಾಗಿದ್ದರೆ ನಿಧಾನವಾಗಿ ದಿನ ಗೊತ್ತು ಮಾಡಿ, ಕೊಯ್ದೋ ಲ್ಯಾಪರೋಸ್ಕೋಪಿಯಿಂದಲೋ ದಾರಿ ಮುಚ್ಚಿ, ಮೆಶ್ ಎಂಬ ಪ್ಲಾಸ್ಟಿಕ್ ಜಾಳಿಗೆ ಇಟ್ಟು ಎರಡನೆಯ ದಿನ ಮನೆಗೆ ಕಳಿಸಬಹುದಿತ್ತು. ಈಗ ಸಿಕ್ಕಿಕೊಂಡು ಐದು ದಿನವಾಗಿತ್ತು. ಅದರಲ್ಲಿ ನಾಲ್ಕನ್ನು ಕಳೆದವರು ನಾವು.

ನಿಲಂಗಾದಲ್ಲಿದ್ದ ನಮ್ಮ ಅರಿವಳಿಕೆ ಡಾಕ್ಟರ್ ಬಿಲ್ಕೀಸರಿಗೆ ಫೋನ್ ಮಾಡಿದೆ. ಅವರು ನಮ್ಮಲ್ಲಿ ಬರುವ ದಿನ ಅದಲ್ಲ. ವಯಸ್ಸು, ನಾಡಿ, ಬಿ.ಪಿ. ಕೇಳಿಕೊಂಡು, “ಸ್ಪೈನಲ್ ಮೇ ಹೋ ಜಾತಾ. ಎರಡು ಗಂಟಿಗಿ ಬರ್ತೀನಿ, ಪೇಷಂಟಿಗಿ ನೀರ್ ಸುದ್ದಾ ಕೊಡಬ್ಯಾಡ್ರಿ” ಎಂದರು. ಸ್ಪೈನಲ್‌ನಲ್ಲೇ ಆಗಿಹೋಗುತ್ತದೆ ಎಂದು. ಸ್ಪೈನಲ್ ಅಂದರೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದು.

ಅಷ್ಟರಲ್ಲಿ ಸುದ್ದಿ ಟ್ರಸ್ಟಿನ ಸೆಕ್ರೆಟರಿಗೆ ಹೋಗಿತ್ತು. ಅವರೇ ಫೋನ್ ಮಾಡಿದರು. ಐಸಿಯು ಇಲ್ಲ, ವಯಸ್ಸಾದ ಪೇಷಂಟ್, ಹೆಚ್ಚು ಕಮ್ಮಿಯಾದರೆ ಹೆಸರು ಯಾರದು ಹೋಗುತ್ತದೆ, ಸೊಲ್ಲಾಪುರಕ್ಕೆ ರೆಫರ್ ಮಾಡಿ ಎಂದರು. ತಪ್ಪು ಮಾತೇನಲ್ಲ. ಬೇರೆ ದಿನ ಆಗಿದ್ದರೆ ನಾನೇ ಮಾಡುತ್ತಿದ್ದೆ. ಆದರೆ ಎರಡು ತಾಸಿನ ದಾರಿ, ಅಲ್ಲಿ ಮತ್ತೆ ಸಾಲು, ಮತ್ತೆ ಹೊಸ ಕೇಸ್ ಪೇಪರ್, ಮತ್ತೆ ಯಾರೋ ಒಬ್ಬರು ‘ಖೂಪ ದುಖತಂಯ ಕಾ’ ಎಂದು ಕೇಳುತ್ತಾರೆ, ಈಕೆ ಮತ್ತೆ ‘ತೊಡಿ’ ಎನ್ನುತ್ತಾರೆ. ಚೀಲದೊಳಗೆ ಸಾಯುತ್ತಿರುವುದು ಒಡೆದರೆ ಕೀವು ಹೊಟ್ಟೆಗೂ ತೊಡೆಗೂ ಇಳಿಯುತ್ತದೆ, ಆಮೇಲೆ ದೊಡ್ಡ ಐಸಿಯು ಇದ್ದೂ ಪ್ರಯೋಜನವಿಲ್ಲ.

“ಇಲ್ಲೇ ಮಾಡುತ್ತೇನೆ. ನಿಮಗೆ ಬೇಕಾದರೆ ನಾನು ನಿಮ್ಮ ಮಾತು ಮೀರಿದೆ ಎಂದು ಬರೆದುಕೊಡುತ್ತೇನೆ” ಎಂದೆ. ಅವರು ಬರೆದುಕೊಡಿ ಎಂದರು. ಬರೆದುಕೊಟ್ಟೆ.

ಶಿವರಾಜನಿಗೂ ದೊಡ್ಡ ದವಾಖಾನೆಯೇ ಸರಿ ಅನಿಸಿತ್ತು. ಅವನಿಗೆ ನಾನು ಬೇರೆ ಏನೂ ಹೇಳದೆ, ನಡೆದ ತಪ್ಪನ್ನು ಮೊದಲು ಹೇಳಿದೆ. ನಿಮ್ಮ ತಾಯಿ ಸರಿಯಾಗಿಯೇ ಹೇಳಿದ್ದರು, ನಾವು ಕೇಳಿಸಿಕೊಳ್ಳಲಿಲ್ಲ ಎಂದೆ. ಅವನ ಮುಖ ಕೆಂಪಾಯಿತು. “ತಪ್ಪ ಮಾಡ್ದವ್ರ ಕೈಯಾಗೇ ಮತ್ತ ಕೊಡ್ಬೇಕೇನ್ರೀ?” ಎಂದ. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಗುರುಬಾಯಿಯೇ ಕೊಟ್ಟರು.

“ಎಲ್ಲಿಗೂ ಬರಂಗಿಲ್ಲ ನಾ. ಈಕಿಗಿ ಈಗ ತಿಳಿದದ. ಇನ್ನೊಬ್ರಿಗಿ ಮೊದಲಿಂದ ಹೇಳ್ಲಾಕ ನನ್ನಲ್ಲಿ ತ್ರಾಣ ಇಲ್ಲ. ಎಲ್ಲಿ ಸಹಿ ಮಾಡ್ಲಿ, ತಾ.”

ಮರಾಠಿಯಲ್ಲಿದ್ದ ಒಪ್ಪಿಗೆ ಪತ್ರವನ್ನು ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಸಾಯಬಹುದು ಎಂಬ ಸಾಲನ್ನೂ ಬಿಡಲಿಲ್ಲ. ಅವರು ಎಲ್ಲ ಕೇಳಿ, ಗುರುಬಾಯಿ ಎಂದು ಹಳೆಯ ಮೋಡಿ ಲಿಪಿಯಂಥ ವಕ್ರ ಅಕ್ಷರದಲ್ಲಿ ಸಹಿ ಹಾಕಿದರು.

ಥಿಯೇಟರಿನ ಬಾಗಿಲಲ್ಲಿ ಇನ್ನೊಂದು ತಕರಾರು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಮೈಮೇಲೆ ಲೋಹ ಇರಬಾರದು, ರಕ್ತ ನಿಲ್ಲಿಸುವ ಕಾಟರಿಯ ಕರೆಂಟು ಅಲ್ಲಿ ಸುಡಬಹುದು. ಸಿಸ್ಟರ್ ಬಿಚ್ಚಿ ಮಗನ ಕೈಗೆ ಕೊಡಿ ಎಂದರು. ಗುರುಬಾಯಿ ಸ್ಟ್ರೆಚರಿನ ಮೇಲೆ ಎದ್ದು ಕೂತರು. “ಹುಟ್ಟಿದಾಗ ಕಟ್ಟ್ಯಾರ. ನೀ ಕಾಲ್ ತಗದ್ರೂ ಹ್ಞೂಂ ಅಂತೀನಿ, ಇದನ್ನ ಬಿಡಂಗಿಲ್ಲ.” ನಮ್ಮ ಮನೆಯಲ್ಲೂ ಇದೇ ಪದ್ಧತಿ. ಬೆಳ್ಳಿ ಕರಡಿಗೆ ಶಿವರಾಜನಿಗೆ, ಒಳಗಿನ ಲಿಂಗ ಆಕೆಗೆ ಎಂದು ತೀರ್ಮಾನ ಹೇಳಿದೆ. ಶುದ್ಧ ಬಟ್ಟೆಯಲ್ಲಿ ಸುತ್ತಿ ಎಡ ಅಂಗೈಗೆ ಬ್ಯಾಂಡೇಜಿನಿಂದ ಕಟ್ಟಿದೆವು. ಬಿಲ್ಕೀಸ್ ಸಲೈನಿನ ಸೂಜಿಯನ್ನು ಬಲಗೈಗೆ ಹಾಕಿಕೊಂಡರು. ಯಾರಿಗೂ ಏನೂ ನಷ್ಟವಾಗಲಿಲ್ಲ.

ಎರಡೂವರೆಗೆ ಶುರು ಮಾಡಿದೆವು. ಗಂಟಿನ ಮೇಲೆ ಆರು ಸೆಂಟಿಮೀಟರ್ ಕೊಯ್ದು ಚೀಲದವರೆಗೆ ಇಳಿದೆ. ಚೀಲ ತೆರೆದ ಕೂಡಲೇ ಕೆಟ್ಟ ವಾಸನೆಯ ನೀರು ಬಂತು. ಕರುಳು ಸತ್ತಿದೆ, ಇನ್ನು ಹೊಟ್ಟೆ ತೆರೆದು ತುಂಡು ಕತ್ತರಿಸಿ ಜೋಡಿಸಬೇಕು ಎಂದುಕೊಂಡೆ. ಒರೆಸಿ ನೋಡಿದರೆ ಒಳಗಿದ್ದದ್ದು ಕರುಳಲ್ಲ. ಕಿರುಬೆರಳಿನಷ್ಟು ದಪ್ಪನೆಯ, ಬಾತ, ತುದಿ ಕಪ್ಪಾದ ಅಪೆಂಡಿಕ್ಸ್.

ಸಾವಂತ್ ನನಗೆ ಅಸಿಸ್ಟ್ ಮಾಡುತ್ತಿದ್ದರು. ಅಪೆಂಡಿಕ್ಸ್ ಹೊಟ್ಟೆ ಬಿಟ್ಟು ತೊಡೆಯ ಹರ್ನಿಯಾದಲ್ಲಿ ಬಂದು ಸಿಕ್ಕಿಕೊಳ್ಳುವುದು ಬಹಳ ಅಪರೂಪ. ಪುಸ್ತಕದಲ್ಲಿ ಓದಿದ್ದೆ, ಕಣ್ಣಿಂದ ನೋಡಿದ್ದು ಅದೊಂದೇ ಸಲ. ಬೇನೆಯೆಲ್ಲ ತೊಡೆಯಲ್ಲೇ ಬಂದಿಯಾಗಿದ್ದರಿಂದ ಹೊಟ್ಟೆ ಮೆತ್ತಗಿತ್ತು. ಕರುಳಿಗೆ ತಡೆ ಇಲ್ಲದ್ದರಿಂದ ವಾಂತಿ ಇರಲಿಲ್ಲ. ಸೋನೋಗ್ರಫಿಯವರು ಹೊಟ್ಟೆಯಲ್ಲಿ ಹುಡುಕಿ ಕಾಣಲಿಲ್ಲ ಎಂದದ್ದು ನೂರಕ್ಕೆ ನೂರು ಸತ್ಯ, ಅದು ಅಲ್ಲಿರಲೇ ಇಲ್ಲ. ಯಂತ್ರ, ರಕ್ತಪರೀಕ್ಷೆ, ಎರಡು ಎಂ.ಬಿ.ಬಿ.ಎಸ್., ಒಂದು ಎಂ.ಎಸ್., ಇಷ್ಟರಲ್ಲಿ ಯಾರಿಗೂ ಸಿಗದ ವಿಳಾಸವನ್ನು ಗುರುಬಾಯಿ ಸೋಮವಾರವೇ ಹೇಳಿದ್ದರು.

ಅದೃಷ್ಟಕ್ಕೆ ಅದು ಒಡೆದಿರಲಿಲ್ಲ. ಮೆಲ್ಲಗೆ ಎಳೆದಾಗ ಬುಡ ಕಂಡಿತು, ಬುಡ ಗಟ್ಟಿಯಾಗಿತ್ತು. ಅದೇ ಗಾಯದಿಂದ ಅಪೆಂಡಿಕ್ಸ್ ಕಟ್ಟಿ ತೆಗೆದೆ, ಹೊಟ್ಟೆ ತೆರೆಯುವ ಪ್ರಮೇಯ ಬರಲಿಲ್ಲ. ಕೊಳೆತ ಜಾಗದಲ್ಲಿ ಮೆಶ್ ಇಟ್ಟರೆ ಅದಕ್ಕೇ ಸೋಂಕು ಹತ್ತುತ್ತದೆ, ಹಾಗಾಗಿ ಹಳೆಯ ಪದ್ಧತಿಯಲ್ಲಿ ದಾರದಿಂದಲೇ ಹೊಲಿದು ದಾರಿ ಮುಚ್ಚಿದೆ. ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಮಧ್ಯದಲ್ಲಿ ಪರದೆಯ ಆಚೆಯಿಂದ ಗುರುಬಾಯಿ, “ತೊಡಿ ಅದನೋ ಇಲ್ಲೋ?” ಎಂದು ಕೇಳಿದರು. ಮರಗಟ್ಟಿದ್ದರಿಂದ ಕಾಲೇ ಇಲ್ಲದಂತೆ ಅನಿಸಿತ್ತು. “ಅದ ಯವ್ವಾ, ಜ್ವಾಕಿ ಅದ” ಎಂದೆ. ಮಾಸ್ಕಿನೊಳಗೆ ನಾನು ಅಳುತ್ತಿದ್ದೆ, ಬಿಲ್ಕೀಸ್ ನೋಡಿದರು.

ಮೂರನೆಯ ದಿನ ಜ್ವರ ಇಳಿಯಿತು. ಆರನೆಯ ದಿನ ಅವರು ಮನೆಗೆ ಹೋದರು.

ಮುಂದಿನ ವಾರ ಸೆಕ್ರೆಟರಿ ಫೈಲು ಇಟ್ಟುಕೊಂಡು ನನ್ನನ್ನು ಕರೆಸಿದರು. ಪೇಷಂಟ್ ಉಳಿದಿದ್ದರಿಂದ ರೆಫರ್ ಮಾಡದ ಮಾತು ಮೆತ್ತಗಾಗಿತ್ತು. ಅವರ ಬೆರಳು ಇದ್ದದ್ದು ಕೇಸ್ ಪೇಪರಿನ ಮೇಲೆ. ಆ ಶುಕ್ರವಾರ ನಾನು ‘ಬಲಗಡೆ ಕೆಳಗೆ ನೋವು, ಸೌಮ್ಯ’ ಎಂಬುದನ್ನು ಅಳಿಸದೆ, ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ‘ತೊಡಿ ಲಯಿ ದುಖತೀ’ ಎಂದು ಬರೆದು, ಪಕ್ಕದಲ್ಲಿ ‘ರೋಗಿ ಮೂರು ಸಲ ಹೇಳಿದ್ದಾರೆ, ನಾವು ತಪ್ಪು ಕೇಳಿದ್ದೇವೆ’ ಎಂದು ಇಂಗ್ಲಿಷಿನಲ್ಲಿ ಸೇರಿಸಿದ್ದೆ.

“ಇದು ಯಾವ ಲಿಪಿ? ಇಲ್ಲಿ ಯಾರು ಓದಬೇಕು?” ಎಂದು ಅವರು ಮರಾಠಿಯಲ್ಲಿ ಕೇಳಿದರು. ತಪ್ಪನ್ನು ನಾವೇ ಬರೆದಿಟ್ಟರೆ ನಾಳೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆ, ಆ ಹಾಳೆ ಬದಲಿಸಿ ಬೇರೆ ಬರೆದುಕೊಡಿ ಎಂದರು.

ನಾನು ಕೂತಲ್ಲಿಂದ ಏಳಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ಕಿತ್ತು ಹಾಕಿದ್ದ ರಾಗವೆಲ್ಲ ಅಂದು ನನ್ನ ಮರಾಠಿಗೆ ತಿರುಗಿ ಬಂದಿತ್ತು, ನನಗೇ ಕೇಳಿಸುತ್ತಿತ್ತು. ಬರಲಿ ಅಂದುಕೊಂಡೆ. “ಹಾಳೆ ಬದಲಿಸುವುದಿಲ್ಲ. ಅಕ್ಷರ ಅಳಿಸುವುದಿಲ್ಲ. ಕೋರ್ಟಿಗೆ ಹೋದರೆ ಗುರುಬಾಯಿಯ ಕಡೆಯ ಸಾಕ್ಷಿ ನಾನೇ. ಇನ್ನು ಮೇಲೆ ಈ ಆಸ್ಪತ್ರೆಯಲ್ಲಿ ಮೊದಲ ಸಾಲು ರೋಗಿಯ ಮಾತಿನಲ್ಲೇ ಇರುತ್ತದೆ. ಕನ್ನಡ, ಮರಾಠಿ, ಉರ್ದು, ಲಂಬಾಣಿ, ಏನು ಆಡುತ್ತಾರೋ ಅದೇ. ಬೇಡವಾದರೆ ಬೇರೆ ಸರ್ಜನ್ ನೋಡಿಕೊಳ್ಳಿ.”

ಬೇರೆ ಸರ್ಜನ್ ಉಮರ್ಗಾಕ್ಕೆ ಸುಲಭಕ್ಕೆ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಫೈಲು ಮುಚ್ಚಿದರು. ಕೆಲಸ ಬಿಡುವವರೆಗೆ, ಮುಂದಿನ ನಾಲ್ಕು ವರ್ಷ, ನಾನು ಆ ಆಸ್ಪತ್ರೆಯಲ್ಲಿ ಒಂದು ದಿನವೂ ಕನ್ನಡವನ್ನು ಮೆಟ್ಟಿಲಲ್ಲಿ ಬಿಡಲಿಲ್ಲ.

ಆಪರೇಷನ್ ಆಗಿ ತಿಂಗಳಾದ ಮೇಲೆ ಗುರುಬಾಯಿ ತೋರಿಸಿಕೊಳ್ಳಲು ಬಂದರು, ಒಂದು ತಂಬಿಗೆ ದೇವಣಿ ಆಕಳ ಹಾಲು ಹಿಡಿದು. ಸಾವಂತ್ ಅಷ್ಟರಲ್ಲಿ ಡೈರಿಯ ಹಿಂದಿನ ಪುಟದಲ್ಲಿ ಮೈಯ ಅಂಗಗಳ ಕನ್ನಡ ಹೆಸರುಗಳನ್ನೆಲ್ಲ ಬರೆದುಕೊಂಡಿದ್ದರು. ಎದ್ದು ನಿಂತು, ಬಾಯಿಪಾಠ ಒಪ್ಪಿಸುವವರಂತೆ ಕೇಳಿದರು:

“ಆಜೀ, ತೊಡಿ ದುಖತೇ ಕಾ?”

ಗುರುಬಾಯಿಗೆ ಸಂತೋಷವಾಯಿತು. ಅವರೂ ತಮ್ಮ ಕಡೆಯಿಂದ ಶುದ್ಧ ಮರಾಠಿಯಲ್ಲಿ ಉತ್ತರ ಕೊಟ್ಟರು.

“ಥೋಡೀ.”

ಸಾವಂತರ ಪೆನ್ನು ಕಾಗದದ ಮೇಲೆ ನಿಂತಿತು. ತೊಡೆಯೋ, ಸ್ವಲ್ಪವೋ ತಿಳಿಯದೆ ನನ್ನ ಮುಖ ನೋಡಿದರು. ಮೂವತ್ತು ವರ್ಷ ಚಾಕು ಹಿಡಿದು ನಾನು ಕಲಿತದ್ದು ಅಷ್ಟೇ, ಅದನ್ನೇ ಅವರಿಗೆ ಹೇಳಿದೆ.

“ನನ್ನ ಮುಖ ಯಾಕೆ ನೋಡುತ್ತೀರಿ ಸಾವಂತ್? ಪರದೆ ಎಳೆದು, ಅವರ ತೊಡೆ ನೋಡಿ.”